ಒಂದು ಪೌಂಡು, ನೂರು ಪೆನ್ನಿ: ಪಾಲಿನ ಲೆಕ್ಕ, ಶೇಕಡಾ ಲೆಕ್ಕ



ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ನಿಮಗೆ ಈಗ ಬರುತ್ತದೆ. ಇವತ್ತು ಇನ್ನೊಂದು ಮೆಟ್ಟಿಲು ಹತ್ತೋಣ. ಅದು ಪಾಲಿನ ಲೆಕ್ಕ ಮತ್ತು ಶೇಕಡಾ ಲೆಕ್ಕ. ಪಾಲಿನ ಲೆಕ್ಕಕ್ಕೆ ಪುಸ್ತಕದಲ್ಲಿ ಭಿನ್ನರಾಶಿ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ಅರ್ಧ ತೆಂಗಿನಕಾಯಿ, ಕಾಲು ಕಿಲೋ ಬೆಲ್ಲ, ಮುಕ್ಕಾಲು ಗಂಟೆ ಎಂದು ನೀವು ದಿನಾ ಹೇಳ್ತೀರಿ. ಅದೇ ಭಿನ್ನರಾಶಿ. ಬಾಯಲ್ಲಿ ಇರುವುದನ್ನು ಕಾಗದಕ್ಕೆ ತರುವುದಷ್ಟೇ ನಮ್ಮ ಕೆಲಸ.

ಈ ಪಾಠಕ್ಕೆ ನಾನು ಬ್ರಿಟನ್ ದೇಶದ ದುಡ್ಡನ್ನು ಆರಿಸಿಕೊಂಡಿದ್ದೇನೆ. ಯಾಕೆ ಎಂದು ಹೇಳ್ತೇನೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ರಜೆಯಲ್ಲಿ ಊರಿಗೆ ಬಂದವಳು ಹೋಗುವಾಗ ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ಅಲ್ಲಿನ ಚಿಲ್ಲರೆ ಬಿಟ್ಟು ಹೋಗಿದ್ದಳು. ಪೇಟೆಯಲ್ಲಿ ಹಣ ಬದಲಾಯಿಸುವವರು ನೋಟು ಇದ್ದರೆ ಕೊಡಿ, ಚಿಲ್ಲರೆ ಬೇಡ ಎಂದರಂತೆ. "ಇದು ಎಂತಕ್ಕೂ ಆಗುವುದಿಲ್ಲ ಟೀಚರೇ, ಮಕ್ಕಳಿಗೆ ಆಟಕ್ಕೆ ಕೊಡಿ" ಎಂದು ಅಕ್ಕ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. ಆ ಚಿಲ್ಲರೆಯೇ ನಮಗೆ ಪಾಠವಾಯಿತು. ಕಡೆಗೆ ಆ ಅಕ್ಕನಿಗೇ ಅದು ಹೆಚ್ಚು ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳ್ತೇನೆ.

ನಮ್ಮ ರೂಪಾಯಿಯಲ್ಲೂ ನೂರು ಪೈಸೆ ಉಂಟು. ಆದರೆ ಪೈಸೆಯನ್ನು ಈಗ ಕೈಯಲ್ಲಿ ಹಿಡಿಯಲು ಸಿಗುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೆ ನಿಂತಿತು. ಬ್ರಿಟನ್‌ನಲ್ಲಿ ಇನ್ನೂ ಒಂದು ಪೆನ್ನಿ, ಎರಡು ಪೆನ್ನಿ ನಾಣ್ಯಗಳು ಇವೆ. ಒಂದನ್ನು ನೂರು ಪಾಲು ಮಾಡಿದರೆ ಹೇಗಿರುತ್ತದೆ ಎಂದು ಕಣ್ಣಿಂದ ನೋಡಲಿಕ್ಕೆ ಅವು ಒಳ್ಳೆಯದು. ನಿಮ್ಮಲ್ಲಿ ಆ ನಾಣ್ಯ ಇಲ್ಲದಿದ್ದರೆ ಚಿಂತೆ ಇಲ್ಲ. ಹಳೆಯ ಕ್ಯಾಲೆಂಡರಿನ ರಟ್ಟನ್ನು ದುಂಡಗೆ ಕತ್ತರಿಸಿ, ಮೇಲೆ ಅಂಕೆ ಬರೆದುಕೊಳ್ಳಿ.

1. ಪೌಂಡಿನ ಪಾಲುಗಳು

ಬ್ರಿಟನ್‌ನ ದುಡ್ಡಿಗೆ ಪೌಂಡ್ ಎಂದು ಹೆಸರು. ಅದರ ಗುರುತು £. ಒಂದು ಪೌಂಡಿಗೆ ನೂರು ಪೆನ್ನಿ. ಒಂದಕ್ಕಿಂತ ಹೆಚ್ಚಾದರೆ ಅಲ್ಲಿಯವರು ಪೆನ್ಸ್ ಅಂತಾರೆ. ನಾವು ಎಲ್ಲದಕ್ಕೂ ಪೆನ್ನಿ ಎಂದೇ ಹೇಳೋಣ.

ಈಗ ನಾಣ್ಯಗಳನ್ನು ಸಾಲಾಗಿ ಇಡಿ. ಪ್ರತಿ ನಾಣ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇಂಥದ್ದು ಎಷ್ಟು ಸೇರಿದರೆ ಒಂದು ಪೌಂಡು?

50 ಪೆನ್ನಿ: 2 ಬೇಕು. ಇದು ಪೌಂಡಿನ ಅರ್ಧ. ಬರೆಯುವುದು 1/2
20 ಪೆನ್ನಿ: 5 ಬೇಕು. ಐದರಲ್ಲಿ ಒಂದು ಪಾಲು. ಬರೆಯುವುದು 1/5
10 ಪೆನ್ನಿ: 10 ಬೇಕು. ಹತ್ತರಲ್ಲಿ ಒಂದು ಪಾಲು. ಬರೆಯುವುದು 1/10
5 ಪೆನ್ನಿ: 20 ಬೇಕು. ಇಪ್ಪತ್ತರಲ್ಲಿ ಒಂದು ಪಾಲು. ಬರೆಯುವುದು 1/20
2 ಪೆನ್ನಿ: 50 ಬೇಕು. ಐವತ್ತರಲ್ಲಿ ಒಂದು ಪಾಲು. ಬರೆಯುವುದು 1/50
1 ಪೆನ್ನಿ: 100 ಬೇಕು. ನೂರರಲ್ಲಿ ಒಂದು ಪಾಲು. ಬರೆಯುವುದು 1/100

ಗೆರೆಯ ಕೆಳಗಿನ ಅಂಕೆ, ಇಡಿಯನ್ನು ಎಷ್ಟು ಸಮಪಾಲು ಮಾಡಿದ್ದೇವೆ ಎಂದು ಹೇಳುತ್ತದೆ. ಮೇಲಿನ ಅಂಕೆ, ಅದರಲ್ಲಿ ಎಷ್ಟು ಪಾಲು ತೆಗೆದುಕೊಂಡಿದ್ದೇವೆ ಎಂದು ಹೇಳುತ್ತದೆ. ಮೂರು 20 ಪೆನ್ನಿ ತೆಗೆದುಕೊಂಡರೆ 3/5. ಅಂದರೆ 60 ಪೆನ್ನಿ.

ಕಾಲು ಪೌಂಡು ಎಂದರೆ 25 ಪೆನ್ನಿ. ಅಷ್ಟಕ್ಕೆ ಒಂದೇ ನಾಣ್ಯ ಡಬ್ಬಿಯಲ್ಲಿ ಇಲ್ಲ. 20 ಪೆನ್ನಿ ಒಂದು, 5 ಪೆನ್ನಿ ಒಂದು ಸೇರಿಸಿದರೆ ಕಾಲು ಆಯಿತು. ಅದನ್ನು 1/4 ಎಂದು ಬರೆಯಬೇಕು. ಮುಕ್ಕಾಲು ಎಂದರೆ 75 ಪೆನ್ನಿ, 3/4.

ಇಲ್ಲಿ ಒಂದು ಎಚ್ಚರಿಕೆ. 5 ದೊಡ್ಡದೋ 50 ದೊಡ್ಡದೋ ಎಂದು ಕೇಳಿದರೆ 50 ಅಂತೀರಿ. ಸರಿ. ಆದರೆ 1/5 ದೊಡ್ಡದೋ 1/50 ದೊಡ್ಡದೋ? ನಾಣ್ಯ ನೋಡಿ. 1/5 ಎಂದರೆ 20 ಪೆನ್ನಿ, 1/50 ಎಂದರೆ ಬರೇ 2 ಪೆನ್ನಿ. ಪಾಲು ಮಾಡುವವರು ಹೆಚ್ಚಾದ ಹಾಗೆ ಒಬ್ಬೊಬ್ಬರಿಗೆ ಸಿಗುವುದು ಕಡಿಮೆ. ಒಂದು ಹಲಸಿನ ಹಣ್ಣನ್ನು ಐದು ಮನೆಗೆ ಹಂಚುವುದಕ್ಕೂ ಐವತ್ತು ಮನೆಗೆ ಹಂಚುವುದಕ್ಕೂ ವ್ಯತ್ಯಾಸ ಇಲ್ವಾ? ಹಾಗೆಯೇ ಇದು. ತಮಾಷೆ ಎಂದರೆ, ಆ 2 ಪೆನ್ನಿ ನಾಣ್ಯ ನೋಡಲು 20 ಪೆನ್ನಿಗಿಂತ ಅಗಲ ಉಂಟು. ನೋಟಕ್ಕೆ ಮೋಸ ಹೋಗಬಾರದು.

2. ಪಾಲುಗಳನ್ನು ಕೂಡಿಸುವುದು

1/2 ಮತ್ತು 1/5 ಕೂಡಿಸಿದರೆ ಎಷ್ಟು? ಹೊಸದಾಗಿ ಕಲಿಯುವವರು ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿಸಿ 2/7 ಎಂದು ಬರೆಯುತ್ತಾರೆ. ಅದು ತಪ್ಪು. ಯಾಕೆ ತಪ್ಪು ಎಂದು ನಾಣ್ಯವೇ ಹೇಳುತ್ತದೆ.

1/2 ಎಂದರೆ 50 ಪೆನ್ನಿ. 1/5 ಎಂದರೆ 20 ಪೆನ್ನಿ. ಎರಡೂ ಸೇರಿ 70 ಪೆನ್ನಿ. 70 ಎಂದರೆ ಹತ್ತು ಹತ್ತರ ಏಳು ನಾಣ್ಯ. ಆದ್ದರಿಂದ ಉತ್ತರ 7/10.

2/7 ಎಂದರೆ ಪೌಂಡನ್ನು ಏಳು ಪಾಲು ಮಾಡಿ ಎರಡು ಪಾಲು ತೆಗೆದ ಹಾಗೆ. ಅದು 29 ಪೆನ್ನಿಯೂ ಆಗುವುದಿಲ್ಲ. ಐವತ್ತಕ್ಕೆ ಇಪ್ಪತ್ತು ಸೇರಿಸಿದ ಮೇಲೆ ಐವತ್ತಕ್ಕಿಂತ ಕಡಿಮೆ ಹೇಗೆ ಆಗುತ್ತದೆ? ಹೀಗೆ ನಮ್ಮ ತಪ್ಪನ್ನು ನಾವೇ ಹಿಡಿಯಬಹುದು.

ಇನ್ನೊಂದು ನೋಡಿ. 1/4 ಮತ್ತು 1/10. ಇದು 25 ಮತ್ತು 10, ಒಟ್ಟು 35 ಪೆನ್ನಿ. ಅಂದರೆ 35/100. ಐದೈದರ ನಾಣ್ಯದಲ್ಲಿ ಎಣಿಸಿದರೆ ಏಳು ನಾಣ್ಯ, ಆದ್ದರಿಂದ 7/20. ಎರಡೂ ಒಂದೇ.

ಸೂತ್ರ ಇಷ್ಟೇ: ಬೇರೆ ಬೇರೆ ಪಾಲುಗಳನ್ನು ಮೊದಲು ಒಂದೇ ಬಗೆಯ ಚಿಲ್ಲರೆ ಮಾಡಿ. ಆಮೇಲೆ ಕೂಡಿಸಿ.

3. ಮೂರರಲ್ಲಿ ಒಂದು ಪಾಲು: ಹಳೆಯ ಕಾಲದ ಲೆಕ್ಕ

ಒಂದು ಪೌಂಡನ್ನು ಮೂವರಿಗೆ ಸಮವಾಗಿ ಹಂಚಿ. ಒಬ್ಬೊಬ್ಬರಿಗೆ 33 ಪೆನ್ನಿ. ಮೂರು ಮೂವತ್ತಮೂರು ತೊಂಬತ್ತೊಂಬತ್ತು. ಒಂದು ಪೆನ್ನಿ ಉಳಿಯಿತು. ಅದನ್ನು ಯಾರಿಗೆ ಕೊಡುವುದು? ನೂರನ್ನು ಮೂರರಿಂದ ಭಾಗಿಸಿದರೆ ಪೂರ್ತಿ ಹೋಗುವುದಿಲ್ಲ. ಇದು ನೂರರ ಲೆಕ್ಕದ ಒಂದು ಕೊರತೆ.

ಹಳೆಯ ಪೌಂಡಿಗೆ ಈ ಕೊರತೆ ಇರಲಿಲ್ಲ. ಆಗ ಒಂದು ಪೌಂಡಿಗೆ 20 ಷಿಲಿಂಗು. ಒಂದು ಷಿಲಿಂಗಿಗೆ 12 ಪೆನ್ನಿ. ಒಟ್ಟು 240 ಪೆನ್ನಿ. ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ 80 ಪೆನ್ನಿ, ಅಂದರೆ 6 ಷಿಲಿಂಗು 8 ಪೆನ್ನಿ. ಏನೂ ಉಳಿಯುವುದಿಲ್ಲ. ಆದರೆ ಅಂಗಡಿಯಲ್ಲಿ ಕೂಡಿಸುವಾಗ 12ಕ್ಕೆ ಒಮ್ಮೆ, 20ಕ್ಕೆ ಒಮ್ಮೆ ದಶಕ ತೆಗೆದ ಹಾಗೆ ತೆಗೆಯಬೇಕು. ಅದು ಕಷ್ಟ. 1971ರ ಫೆಬ್ರವರಿ 15ರಂದು ಬ್ರಿಟನ್ ಇದನ್ನು ಬಿಟ್ಟು, ಪೌಂಡಿಗೆ ನೂರು ಪೆನ್ನಿ ಎಂದು ಮಾಡಿತು.

ನಮ್ಮ ದೇಶ ಈ ಕೆಲಸವನ್ನು ಅವರಿಗಿಂತ ಸುಮಾರು 14 ವರ್ಷ ಮೊದಲೇ ಮಾಡಿತ್ತು! 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ 16 ಆಣೆ. ಒಂದು ಆಣೆಗೆ 12 ಪೈ. ಒಟ್ಟು 192 ಪೈ. ಆ ದಿನದಿಂದ ರೂಪಾಯಿಗೆ ನೂರು ನಯೇ ಪೈಸೆ ಆಯಿತು. ಮನೆಯ ಹಿರಿಯರು 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಎನ್ನುತ್ತಿದ್ದುದು ಇದಕ್ಕೇ. ಹದಿನಾರರಲ್ಲಿ ನಾಲ್ಕು ಎಂದರೆ ಕಾಲು. ನೂರರಲ್ಲಿ ಇಪ್ಪತ್ತೈದು ಎಂದರೂ ಕಾಲು. 4/16, 25/100, 1/4. ಬರೆಯುವ ಬಗೆ ಮೂರು, ಪಾಲು ಒಂದೇ. "ಹದಿನಾರಾಣೆ ಸತ್ಯ" ಎಂದರೂ "ನೂರಕ್ಕೆ ನೂರು ಸತ್ಯ" ಎಂದರೂ ಅರ್ಥ ಒಂದೇ ಅಲ್ವಾ?

4. ಶೇಕಡಾ ಎಂದರೆ ಎಂತ?

ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದು. ಅದರ ಗುರುತು %.

ಪೌಂಡಿನಲ್ಲಿ ನೂರು ಪೆನ್ನಿ ಇರುವುದರಿಂದ ಇದು ಬಹಳ ಸುಲಭ. ಪೌಂಡಿಗೆ ಎಷ್ಟು ಪೆನ್ನಿಯೋ ಅಷ್ಟೇ ಶೇಕಡಾ. ಶೇಕಡಾ 1 ಎಂದರೆ ಪೌಂಡಿಗೆ 1 ಪೆನ್ನಿ. ಶೇಕಡಾ 20 ಎಂದರೆ ಪೌಂಡಿಗೆ 20 ಪೆನ್ನಿ. ಅರ್ಧ ಎಂದರೆ 50%. ಕಾಲು ಎಂದರೆ 25%. ಮುಕ್ಕಾಲು ಎಂದರೆ 75%.

60 ಪೌಂಡಿಗೆ ಶೇಕಡಾ 7 ಎಷ್ಟು? ಒಂದು ಪೌಂಡಿಗೆ 7 ಪೆನ್ನಿ. 60 ಪೌಂಡಿಗೆ 60 × 7 = 420 ಪೆನ್ನಿ. ಅಂದರೆ 4 ಪೌಂಡು 20 ಪೆನ್ನಿ. ರೂಪಾಯಿಗೂ ಇದೇ ಲೆಕ್ಕ. 60 ರೂಪಾಯಿಗೆ ಶೇಕಡಾ 7 ಎಂದರೆ 4 ರೂಪಾಯಿ 20 ಪೈಸೆ.

ಬಾಯಿಲೆಕ್ಕಕ್ಕೆ ಒಂದು ಉಪಾಯ ಉಂಟು. ಮೊದಲು ಶೇಕಡಾ 10 ತೆಗೆಯಿರಿ. ಅದು ಹತ್ತರಲ್ಲಿ ಒಂದು ಪಾಲು. ಅದರ ಅರ್ಧ ಶೇಕಡಾ 5. ಅದರ ಅರ್ಧ ಶೇಕಡಾ ಎರಡೂವರೆ.

ಬ್ರಿಟನ್‌ನಲ್ಲಿ ಅಂಗಡಿಯ ಸಾಮಾನಿಗೆ ವ್ಯಾಟ್ ಎಂಬ ತೆರಿಗೆ ಉಂಟು. ನಮ್ಮಲ್ಲಿ 2017ರ ಜುಲೈಯಿಂದ ಜಿಎಸ್‌ಟಿ ಇರುವ ಹಾಗೆ. 1991ರಿಂದ ಬಹಳ ವರ್ಷ ಅಲ್ಲಿನ ವ್ಯಾಟ್ ಶೇಕಡಾ ಹದಿನೇಳೂವರೆ ಇತ್ತು. ಕೇಳುವಾಗ ಕಷ್ಟದ ಅಂಕೆ. ಆದರೆ 80 ಪೌಂಡಿನ ಸಾಮಾನಿಗೆ ಹೀಗೆ ಮಾಡಬಹುದು:

ಶೇಕಡಾ 10 = 8 ಪೌಂಡು
ಶೇಕಡಾ 5 = 4 ಪೌಂಡು
ಶೇಕಡಾ ಎರಡೂವರೆ = 2 ಪೌಂಡು
ಒಟ್ಟು ಶೇಕಡಾ ಹದಿನೇಳೂವರೆ = 14 ಪೌಂಡು

2011ರ ಜನವರಿ 4ರಂದು ಅದು ಶೇಕಡಾ 20 ಆಯಿತು. ಅದೇ 80 ಪೌಂಡಿಗೆ ಈಗ ತೆರಿಗೆ 16 ಪೌಂಡು. ಮಕ್ಕಳ ಬಟ್ಟೆಗೆ, ಅಡುಗೆಯ ಹೆಚ್ಚಿನ ಸಾಮಾನಿಗೆ ಅಲ್ಲಿ ಈ ತೆರಿಗೆ ಇಲ್ಲ.

5. ಯಾವುದರ ಶೇಕಡಾ? ಮೊದಲು ಕೇಳಿ

ಶೇಕಡಾ ಲೆಕ್ಕದಲ್ಲಿ ಮೋಸ ಆಗುವುದು ಅಂಕೆಯಲ್ಲಿ ಅಲ್ಲ. ಯಾವುದರ ಮೇಲೆ ಶೇಕಡಾ ಹಾಕಿದ್ದಾರೆ ಎಂದು ಕೇಳದೆ ಇರುವುದರಲ್ಲಿ. ಮೂರು ಉದಾಹರಣೆ ನೋಡಿ.

ಒಂದು. 50 ಪೌಂಡಿನ ಕೋಟಿಗೆ ಅಂಗಡಿಯವನು ಶೇಕಡಾ 20 ಬೆಲೆ ಏರಿಸಿದ. 60 ಪೌಂಡು ಆಯಿತು. ಆಮೇಲೆ "ಶೇಕಡಾ 20 ರಿಯಾಯಿತಿ" ಎಂದು ಬೋರ್ಡು ಹಾಕಿದ. ಮತ್ತೆ 50 ಆಯಿತಾ? ಇಲ್ಲ. 60ರ ಶೇಕಡಾ 20 ಎಂದರೆ 12. ಬೆಲೆ 48 ಆಯಿತು. ಏರಿಸಿದ್ದು 50ರ ಮೇಲೆ, ಇಳಿಸಿದ್ದು 60ರ ಮೇಲೆ. ಗಿರಾಕಿಗೆ ನಿಜವಾಗಿ ಉಳಿದದ್ದು 2 ಪೌಂಡು. ಬೋರ್ಡು ನೋಡಿದವರು 12 ಪೌಂಡು ಉಳಿಯಿತು ಎಂದು ಸಂತೋಷಪಡುತ್ತಾರೆ.

ಎರಡು. ತೆರಿಗೆ ಸೇರಿ ಬೆಲೆ 120 ಪೌಂಡು. ಇದರಲ್ಲಿ ತೆರಿಗೆ ಎಷ್ಟು? 120ರ ಶೇಕಡಾ 20 ಎಂದು 24 ಬರೆದರೆ ತಪ್ಪು. ತೆರಿಗೆ ಹಾಕಿದ್ದು 100ರ ಮೇಲೆ. ತೆರಿಗೆ 20. ಅಂದರೆ ಒಟ್ಟು ಬೆಲೆಯ ಆರರಲ್ಲಿ ಒಂದು ಪಾಲು.

ಮೂರು. ಇಂಗ್ಲೆಂಡಿಗೆ ಕೆಲಸಕ್ಕೆ ಹೋಗುವವರು "ಅಲ್ಲಿ ಸಂಬಳದಲ್ಲಿ ಶೇಕಡಾ 20 ಆದಾಯ ತೆರಿಗೆ" ಎಂದು ಕೇಳಿ ಗಾಬರಿಯಾಗುತ್ತಾರೆ. 2021ರ ಏಪ್ರಿಲ್‌ನಿಂದ ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 12,570 ಪೌಂಡಿನವರೆಗೆ ಆದಾಯ ತೆರಿಗೆ ಇಲ್ಲ. ಅದರ ಮೇಲಿನ ಹಣಕ್ಕೆ ಮಾತ್ರ ಮೊದಲ ಹಂತದಲ್ಲಿ ಶೇಕಡಾ 20. ವರ್ಷಕ್ಕೆ 22,570 ಪೌಂಡು ದುಡಿದರೆ, ತೆರಿಗೆ ಬೀಳುವುದು 10,000 ಪೌಂಡಿಗೆ. ಅದರ ಶೇಕಡಾ 20 ಎಂದರೆ 2,000. ಪೂರ್ತಿ ಸಂಬಳಕ್ಕೆ ಹಾಕಿದ್ದರೆ 4,514 ಆಗುತ್ತಿತ್ತು. ವಿಮೆ ಮುಂತಾದ ಬೇರೆ ಕಡಿತಗಳು ಇವೆ. ಅವನ್ನೂ ಒಂದೊಂದಾಗಿ, ಯಾವುದರ ಮೇಲೆ ಎಂದು ಕೇಳಿಯೇ ಲೆಕ್ಕ ಮಾಡಬೇಕು.

6. ಊರಿಗೆ ಹಣ ಕಳುಹಿಸುವಾಗ

ಪೌಂಡಿಗೆ ಎಷ್ಟು ರೂಪಾಯಿ ಎಂಬುದು ದಿನಾ ಬದಲಾಗುತ್ತದೆ. ಲೆಕ್ಕ ಸುಲಭ ಆಗಲಿ ಎಂದು ನಾವು ಒಂದು ಪೌಂಡಿಗೆ ನೂರು ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮಗಳು 200 ಪೌಂಡು ಕಳುಹಿಸಬೇಕು. ಒಬ್ಬ ಏಜೆಂಟು 4 ಪೌಂಡು ಖರ್ಚು ತೆಗೆದುಕೊಂಡು, ಉಳಿದ 196 ಪೌಂಡಿಗೆ ನೂರರಂತೆ 19,600 ರೂಪಾಯಿ ಕೊಡುತ್ತಾನೆ. ಇನ್ನೊಬ್ಬ "ನಮ್ಮಲ್ಲಿ ಖರ್ಚೇ ಇಲ್ಲ" ಅಂತಾನೆ. ಆದರೆ ಪೌಂಡಿಗೆ 97 ರೂಪಾಯಿಯಂತೆ ಲೆಕ್ಕ ಹಾಕುತ್ತಾನೆ. 200 × 97 = 19,400 ರೂಪಾಯಿ.

ಮೊದಲನೆಯವನು ತೆಗೆದುಕೊಂಡದ್ದು ಶೇಕಡಾ 2. ಖರ್ಚೇ ಇಲ್ಲ ಎಂದವನು ತೆಗೆದುಕೊಂಡದ್ದು ಶೇಕಡಾ 3. ಆದ್ದರಿಂದ ಖರ್ಚೆಷ್ಟು ಎಂದು ಮಾತ್ರ ಕೇಳಬೇಡಿ. "ಕಡೆಗೆ ನನ್ನ ಕೈಗೆ ಎಷ್ಟು ರೂಪಾಯಿ ಬರ್ತದೆ?" ಎಂದು ಕೇಳಿ.

7. ನೂರಕ್ಕೆ ಎರಡು

ಈಗ ಡಬ್ಬಿಯ ಅಕ್ಕನ ವಿಷಯಕ್ಕೆ ಬರ್ತೇನೆ. ಇದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಮಗಳ ಪ್ರಯಾಣಕ್ಕೆ ಅವರು ಪರಿಚಯದ ಒಬ್ಬರಿಂದ 2 ಲಕ್ಷ ರೂಪಾಯಿ ಸಾಲ ತೆಗೆದಿದ್ದರು. ಬಡ್ಡಿ "ನೂರಕ್ಕೆ ಎರಡು ಮಾತ್ರ" ಎಂದಿದ್ದರು ಕೊಟ್ಟವರು. ಎರಡು ಎಂದರೆ ಸಣ್ಣ ಅಂಕೆ. ಅಕ್ಕ ಆಗ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಪ್ರತಿ ತಿಂಗಳೂ ತಪ್ಪದೆ 4,000 ರೂಪಾಯಿ ಕೊಡುತ್ತಾ ಇದ್ದರು. ಹೀಗೆ ಮೂರು ವರ್ಷ ಆಗಿತ್ತು.

ಶೇಕಡಾ ಪಾಠದ ದಿನ ನಾನು ಹೇಳಿದೆ: "ಒಂದು ಪೌಂಡು ಸಾಲ ಎಂದು ಇಟ್ಟುಕೊಳ್ಳಿ. ನೂರಕ್ಕೆ ಎರಡು ಎಂದರೆ ತಿಂಗಳಿಗೆ 2 ಪೆನ್ನಿ. ಒಂದು ವರ್ಷದ ಬಡ್ಡಿ ಮೇಜಿನ ಮೇಲೆ ಇಡಿ." ಅಕ್ಕ 2 ಪೆನ್ನಿ ನಾಣ್ಯಗಳನ್ನು ಒಂದೊಂದಾಗಿ ಇಟ್ಟರು. ಚೈತ್ರ, ವೈಶಾಖ ಎಂದು ತಿಂಗಳ ಹೆಸರು ಹೇಳುತ್ತಾ ಹನ್ನೆರಡು ನಾಣ್ಯ ಇಟ್ಟರು. ಎಣಿಸಿದರೆ 24 ಪೆನ್ನಿ. ಕಾಲು ಪೌಂಡಿಗೆ ಒಂದೇ ಪೆನ್ನಿ ಕಡಿಮೆ. ಇನ್ನೂ ಎರಡು ವರ್ಷದ್ದು ಇಟ್ಟರು. 72 ಪೆನ್ನಿ. ಮೇಜಿನ ಆಚೆ ಬದಿಯಲ್ಲಿ ಸಾಲದ ಪೌಂಡು ನಾಣ್ಯ ಹಾಗೆಯೇ ಕೂತಿತ್ತು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದರೆ ಅಸಲಿನಲ್ಲಿ ಒಂದು ಪೆನ್ನಿಯೂ ತೀರಲಿಲ್ವಾ ಟೀಚರೇ?"

ತೀರಿರಲಿಲ್ಲ. ರೂಪಾಯಿಯಲ್ಲಿ ಲೆಕ್ಕ ಮಾಡಿದೆವು. ತಿಂಗಳಿಗೆ 4,000. ವರ್ಷಕ್ಕೆ 48,000. ಮೂರು ವರ್ಷಕ್ಕೆ 1,44,000. ಅಸಲು 2 ಲಕ್ಷ ಹಾಗೆಯೇ ಇತ್ತು. ತಿಂಗಳಿಗೆ ಶೇಕಡಾ 2 ಎಂದರೆ ವರ್ಷಕ್ಕೆ ಶೇಕಡಾ 24. ಬ್ಯಾಂಕಿನವರು ಹೇಳುವುದು ವರ್ಷದ ಅಂಕೆ. ಕೈಸಾಲ ಕೊಡುವವರು ಹೇಳುವುದು ಹೆಚ್ಚಾಗಿ ತಿಂಗಳ ಅಂಕೆ. ಬ್ಯಾಂಕು 12 ಅಂದಾಗ ದುಬಾರಿ ಅನಿಸುತ್ತದೆ, ಇವರು 2 ಅಂದಾಗ ಅಗ್ಗ ಅನಿಸುತ್ತದೆ. ಒಂದೇ ಅಳತೆಗೆ ತಂದು ನೋಡಿದರೆ ಇವರದ್ದು ಬ್ಯಾಂಕಿನ ಎರಡು ಪಾಲು.

ಆ ರಾತ್ರಿ ಅಕ್ಕ ಮಗಳಿಗೆ ಫೋನು ಮಾಡಿದರು. ಮನೆಗೆ ಹಂಚು ಬದಲಾಯಿಸಲು ಎಂದು ಕೂಡಿಟ್ಟ 50,000 ರೂಪಾಯಿಯನ್ನು ಮೊದಲು ಅಸಲಿಗೆ ಕಟ್ಟಿದರು. ಅಸಲು ಒಂದೂವರೆ ಲಕ್ಷಕ್ಕೆ ಇಳಿಯಿತು. ತಿಂಗಳ ಬಡ್ಡಿ 3,000 ಆಯಿತು. ಕಾಲು ಪಾಲು ಅಸಲು ತೀರಿತು, ಕಾಲು ಪಾಲು ಬಡ್ಡಿಯೂ ಇಳಿಯಿತು. ಉಳಿಯುವ 1,000 ರೂಪಾಯಿಯನ್ನೂ ತಿಂಗಳು ತಿಂಗಳು ಅಸಲಿಗೇ ಹಾಕುತ್ತಿದ್ದಾರೆ. ಕೊಟ್ಟ ಹಣಕ್ಕೆ ಚೀಟಿ ಬರೆಸಿಕೊಳ್ಳುತ್ತಾರೆ. ಚೀಟಿಯಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಬೇರೆ ಬೇರೆ ಬರೆದಿದೆಯೇ ಎಂದು ತಾವೇ ಓದಿ, ಆಮೇಲೆ ಮನೆಗೆ ಬರುತ್ತಾರೆ. ಹಂಚಿನ ಕೆಲಸ ಮುಂದಿನ ವರ್ಷಕ್ಕೆ ಹೋಯಿತು. ಹೋಗಲಿ ಅಂತಾರೆ.

ನೀವೂ ಇವತ್ತು ಮನೆಯಲ್ಲಿ ಇರುವ ಸಾಲದ ಚೀಟಿ, ಸಂಘದ ಪುಸ್ತಕ, ಚಿನ್ನ ಅಡವಿಟ್ಟ ರಶೀದಿ ತೆಗೆದು ನೋಡಿ. ಅದರಲ್ಲಿ % ಗುರುತು ಎಲ್ಲಿ ಉಂಟು ಎಂದು ಹುಡುಕಿ. ಅದು ತಿಂಗಳಿಗಾ, ವರ್ಷಕ್ಕಾ ಎಂದು ಓದಿ. ಬರೆದಿಲ್ಲದಿದ್ದರೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ನೆನಪಿಡಿ

- ಕೆಳಗಿನ ಅಂಕೆ: ಎಷ್ಟು ಸಮಪಾಲು ಮಾಡಿದೆವು. ಮೇಲಿನ ಅಂಕೆ: ಎಷ್ಟು ಪಾಲು ತೆಗೆದೆವು.
- ಶೇಕಡಾ ಎಂದರೆ ನೂರಕ್ಕೆ. ಪೌಂಡಿಗೆ ಪೆನ್ನಿ, ರೂಪಾಯಿಗೆ ಪೈಸೆ.
- ಯಾವುದರ ಮೇಲೆ ಶೇಕಡಾ? ಎಷ್ಟು ಸಮಯಕ್ಕೆ? ಈ ಎರಡು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ.

ಅಭ್ಯಾಸ

1. ಒಂದು ಪೌಂಡಿನ 3/10 ಎಂದರೆ ಎಷ್ಟು ಪೆನ್ನಿ?
2. 1/4 ಮತ್ತು 1/20 ಕೂಡಿಸಿ. ಉತ್ತರವನ್ನು ಶೇಕಡಾದಲ್ಲಿ ಹೇಳಿ.
3. 2008ರಲ್ಲಿ ಬ್ರಿಟನ್ ಹೊಸ ಚಿತ್ರದ ನಾಣ್ಯ ತಂದಿತು. 1, 2, 5, 10, 20, 50 ಪೆನ್ನಿಯ ಆರು ನಾಣ್ಯಗಳನ್ನು ಸರಿಯಾಗಿ ಜೋಡಿಸಿದರೆ ಅವರ ರಾಜಲಾಂಛನದ ಗುರಾಣಿ ಕಾಣುತ್ತದೆ. ಆ ಆರು ನಾಣ್ಯ ಸೇರಿ ಪೌಂಡಿನ ಶೇಕಡಾ ಎಷ್ಟು? ಪೌಂಡು ತುಂಬಲು ಇನ್ನೆಷ್ಟು ಬೇಕು?
4. 40 ಪೌಂಡಿನ ಅಂಗಿಗೆ ಶೇಕಡಾ 25 ರಿಯಾಯಿತಿ. ಕೊಡಬೇಕಾದ ಹಣ ಎಷ್ಟು?
5. ಶೇಕಡಾ 20 ತೆರಿಗೆ ಸೇರಿ ಒಂದು ಚೀಲದ ಬೆಲೆ 60 ಪೌಂಡು. ಇದರಲ್ಲಿ ತೆರಿಗೆ ಎಷ್ಟು?
6. 50,000 ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ತಿಂಗಳಿಗೆ ಎಷ್ಟು? ವರ್ಷಕ್ಕೆ ಎಷ್ಟು? ವರ್ಷಕ್ಕೆ ಶೇಕಡಾ ಎಷ್ಟು?

ಉತ್ತರಗಳು (ಮೊದಲು ನೀವೇ ಮಾಡಿ, ಆಮೇಲೆ ನೋಡಿ)

1. 30 ಪೆನ್ನಿ. 2. 30%. 3. 88%, ಇನ್ನು 12 ಪೆನ್ನಿ ಬೇಕು. 4. 30 ಪೌಂಡು. 5. 10 ಪೌಂಡು. 6. ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 18,000 ರೂಪಾಯಿ, 36%.

ಹೊಸ ಪದಗಳು

ಭಿನ್ನರಾಶಿ: ಇಡಿಯ ಒಂದು ಪಾಲನ್ನು ಬರೆಯುವ ಬಗೆ
ಶೇಕಡಾ: ನೂರಕ್ಕೆ ಇಷ್ಟು
ಅಸಲು: ಸಾಲವಾಗಿ ತೆಗೆದ ಮೂಲ ಹಣ
ರಿಯಾಯಿತಿ: ಬೆಲೆಯಲ್ಲಿ ಬಿಟ್ಟುಕೊಡುವ ಹಣ
ಕಡಿತ: ಸಂಬಳದಿಂದ ಹಿಡಿದುಕೊಳ್ಳುವ ಹಣ